ಕೀಲಿ ತಿರುಗಿಸಿದರೆ ಜೇನು: ಹವ್ಯಾಸಿಗಳಿಗೆ ಫ್ಲೋ ಹೈವ್ ಬೇಕೇ?

ಪೆಟ್ಟಿಗೆಯಲ್ಲಿ ಜೇನು ಸಾಕುವ ಈಗಿನ ಪದ್ಧತಿ ಎರಡು ಹೆಜ್ಜೆಗಳಲ್ಲಿ ರೂಪುಗೊಂಡಿತು. 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎರಿಗಳನ್ನು ಚೌಕಟ್ಟಿನ ಸಮೇತ ಎತ್ತಿ ನೋಡಬಹುದಾದ ಪೆಟ್ಟಿಗೆಯ ಸೂತ್ರ ಕಂಡುಕೊಂಡರು. 1865ರಲ್ಲಿ ಹ್ರುಷ್ಕಾ ಎರಿ ಒಡೆಯದೆ ಜೇನು ತೆಗೆಯುವ ತಿರುಗು ಯಂತ್ರವನ್ನು ತಂದರು. ಅಲ್ಲಿಂದ ಇಲ್ಲಿಯವರೆಗೆ ಜೇನು ಬೇಕಾದರೆ ಪೆಟ್ಟಿಗೆ ತೆರೆದು ಚೌಕಟ್ಟನ್ನು ಹೊರತೆಗೆಯಲೇಬೇಕು ಎಂಬುದೇ ಕ್ರಮ.

ಆಸ್ಟ್ರೇಲಿಯಾದ ಬೈರನ್ ಬೇ ಸೀಮೆಯ ಸ್ಟೂವರ್ಟ್ ಆಂಡರ್ಸನ್ ಮತ್ತು ಸೀಡರ್ ಆಂಡರ್ಸನ್ ಎಂಬ ತಂದೆ-ಮಗ ಈ ಕ್ರಮವನ್ನೇ ಬದಲಿಸಲು ಹೊರಟರು. ಸುಮಾರು ಹತ್ತು ವರ್ಷ ತಿದ್ದಿ ತೀಡಿದ ‘ಫ್ಲೋ ಹೈವ್’ ಪೆಟ್ಟಿಗೆಗಾಗಿ 2015ರಲ್ಲಿ ಅವರು ಅಂತರಜಾಲದ ಮೂಲಕ ಸಾರ್ವಜನಿಕರಿಂದ 70,000 ಡಾಲರ್ ಕೇಳಿದರು. ಬಂದದ್ದು 1.2 ಕೋಟಿ ಡಾಲರಿಗೂ ಹೆಚ್ಚು.

ಇದರ ಸಂಸಾರ ಕೋಣೆ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯದೇ. ಹೊಸತಿರುವುದು ಮೇಲಿನ ಜೇನು ಕೋಣೆಯಲ್ಲಿ. ಅಲ್ಲಿನ ಚೌಕಟ್ಟುಗಳಲ್ಲಿ ಅರ್ಧ ರೂಪುಗೊಂಡ ಪ್ಲಾಸ್ಟಿಕ್ ಕಣಗಳಿವೆ. ನೊಣಗಳು ಅವುಗಳ ಸಂದುಗಳನ್ನು ಮೇಣದಿಂದ ಬೆಸೆದು, ಜೇನು ತುಂಬಿ, ಮೇಲೆ ಮೇಣದ ಮುಚ್ಚಳ ಹಾಕುತ್ತವೆ. ಪೆಟ್ಟಿಗೆಯ ಹಿಂಬದಿಯಿಂದ ಉದ್ದನೆಯ ಕೀಲಿ ತೂರಿಸಿ ತಿರುಗಿಸಿದರೆ ಕಣಗಳ ಗೋಡೆ ಸರಿದು ಒಳಗೊಂದು ಕಾಲುವೆ ತೆರೆಯುತ್ತದೆ. ಜೇನು ಅದರಲ್ಲಿ ಇಳಿದು ಕೊಳವೆಯ ಮೂಲಕ ಬಾಟಲಿಗೆ ಬರುತ್ತದೆ. ತುಂಬಿದ ಒಂದು ಚೌಕಟ್ಟಿನಲ್ಲಿ ಸುಮಾರು 3 ಕಿಲೋ ಜೇನಿರುತ್ತದೆ.

ಹಿತ್ತಲಲ್ಲಿ ಒಂದೆರಡು ಪೆಟ್ಟಿಗೆ ಇಟ್ಟುಕೊಳ್ಳುವ ಹವ್ಯಾಸಿ ಇದನ್ನು ಕೊಳ್ಳಬೇಕೇ? ಎರಡೂ ಕಡೆಯ ವಾದ ಇಲ್ಲಿದೆ.

ಪರ: ನೊಣಕ್ಕೂ ನೆಮ್ಮದಿ, ಸಾಕುವವರಿಗೂ ಹಗುರ

ಜೇನು ತೆಗೆಯುವ ದಿನ ಹವ್ಯಾಸಿಯ ಮನೆಯಲ್ಲಿ ಏನೇನು ನಡೆಯುತ್ತದೆ ನೋಡಿ. ಹೊಗೆತಿದಿ ಹಚ್ಚಬೇಕು, ಮುಸುಕು ಹಾಕಿಕೊಳ್ಳಬೇಕು. ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿ, ಅಂಟಿಕೊಂಡ ನೊಣಗಳನ್ನು ಕೊಡವಿ ಒಳಗೆ ಸಾಗಿಸಬೇಕು. ಬಿಸಿನೀರಿನಲ್ಲಿ ಅದ್ದಿದ ಚಾಕುವಿನಿಂದ ಮೇಣದ ಮುಚ್ಚಳ ಹೆರೆದು ಯಂತ್ರದಲ್ಲಿಟ್ಟು ತಿರುಗಿಸಬೇಕು. ಕೈ ತುಸು ಜೋರಾದರೆ ಎಳೆಯ ಎರಿ ಹರಿದುಬೀಳುತ್ತದೆ. ಸೋಸಿ, ತೊಳೆದು, ನೆಲ ಒರೆಸುವ ಹೊತ್ತಿಗೆ ದಿನ ಮುಗಿದಿರುತ್ತದೆ. ಎಷ್ಟೋ ಮಂದಿ ಉತ್ಸಾಹದಿಂದ ಪೆಟ್ಟಿಗೆ ತಂದು, ಈ ಒಂದು ದಿನದ ರಗಳೆಗೆ ಹೆದರಿ ಕೈಬಿಡುತ್ತಾರೆ. ವಯಸ್ಸಾದವರಿಗೆ, ಬೆನ್ನುನೋವಿನವರಿಗೆ ಜೇನು ತುಂಬಿದ ಕೋಣೆಯನ್ನು ಎತ್ತಿಳಿಸುವುದೇ ಆಗದ ಕೆಲಸ.

ಫ್ಲೋ ಹೈವ್ ಈ ಭಾರವನ್ನು ಇಳಿಸುತ್ತದೆ. ಬಾಟಲಿ ಇಟ್ಟು, ಕೊಳವೆ ಜೋಡಿಸಿ, ಕೀಲಿ ತಿರುಗಿಸಿ ಕಾದರೆ ಸಾಕು. ಮೇಲಿನ ಮೇಣದ ಮುಚ್ಚಳ ಹಾಗೇ ಇರುತ್ತದೆ, ಅದರ ಮೇಲೆ ನೊಣಗಳು ಓಡಾಡಿಕೊಂಡೇ ಇರುತ್ತವೆ. ಆಮೇಲೆ ಕಣ ಬರಿದಾದದ್ದು ಗೊತ್ತಾಗಿ, ಮುಚ್ಚಳವನ್ನು ತಾವೇ ಕಡಿದು ತೆಗೆದು ಮತ್ತೆ ತುಂಬಲು ತೊಡಗುತ್ತವೆ. ಅಷ್ಟು ಹೊತ್ತೂ ಅವುಗಳಿಗೆ ಹೊಗೆಯಿಲ್ಲ, ಕೊಡವಾಟವಿಲ್ಲ, ಚೌಕಟ್ಟುಗಳ ನಡುವೆ ಜಜ್ಜಿ ಸಾಯುವ ಭಯವಿಲ್ಲ. ನಗರದಲ್ಲಿ ಇದರ ಬೆಲೆ ಹೆಚ್ಚು. ಪೆಟ್ಟಿಗೆ ತೆರೆದಾಗ ಕೆರಳಿದ ನೊಣ ಪಕ್ಕದ ಮನೆಯ ಮಗುವನ್ನು ಕಚ್ಚಿದರೆ ಹವ್ಯಾಸ ಅಲ್ಲಿಗೇ ನಿಲ್ಲುತ್ತದೆ.

ಜೇನಿನ ಗುಣವೂ ಉಳಿಯುತ್ತದೆ. ಒಂದೊಂದು ಚೌಕಟ್ಟನ್ನು ಬೇರೆ ಬೇರೆಯಾಗಿ ಇಳಿಸಬಹುದಾದ್ದರಿಂದ ಆಯಾ ಹೂವಿನ ಜೇನನ್ನು ಬೆರೆಸದೆ ಇಟ್ಟುಕೊಳ್ಳಬಹುದು. ಒಂದೇ ಹಿತ್ತಲಿನ ಜೇನಿಗೆ ತಿಂಗಳಿಂದ ತಿಂಗಳಿಗೆ ಬಣ್ಣವೂ ರುಚಿಯೂ ಬದಲಾಗುವುದನ್ನು ಬಾಟಲಿಗಳನ್ನು ಸಾಲಾಗಿಟ್ಟು ನೋಡುವ ಸುಖ ಹವ್ಯಾಸಿಗೆ ಸಣ್ಣದಲ್ಲ.

ಈ ಪೆಟ್ಟಿಗೆ ಬಂದರೆ ಜನ ನೊಣವನ್ನು ಮರೆತು ಕೀಲಿಯನ್ನಷ್ಟೇ ನೆನಪಿಟ್ಟುಕೊಳ್ಳುತ್ತಾರೆ ಎಂಬ ಆಕ್ಷೇಪವಿದೆ. ಆದರೆ ಸಂಸಾರ ಕೋಣೆಯನ್ನು ಎಂದಿನಂತೆ ತೆರೆದು ನೋಡಬೇಕೆಂದು ತಯಾರಕರೇ ಹೇಳುತ್ತಾರೆ, ಅದಕ್ಕೆ ಬೇಕಾದ ಚೌಕಟ್ಟುಗಳನ್ನೂ ಕೊಡುತ್ತಾರೆ. ನೋಡದೆ ಬಿಡುವವರು ಹಳೆಯ ಪೆಟ್ಟಿಗೆಯನ್ನೂ ನೋಡದೆ ಬಿಡುತ್ತಾರೆ. ಆ ತಪ್ಪನ್ನು ಉಪಕರಣದ ಮೇಲೆ ಹೊರಿಸುವುದು ನ್ಯಾಯವಲ್ಲ. ತಿರುಗು ಯಂತ್ರವೂ ಒಂದು ಕಾಲಕ್ಕೆ ಹೊಸತಾಗಿತ್ತು. ಅದು ಎರಿ ಹಿಂಡುವ ಪದ್ಧತಿಯಿಂದ ನೊಣಗಳನ್ನು ಬಿಡಿಸಿತು. ಇದು ಅದರ ಮುಂದಿನ ಹೆಜ್ಜೆ. ಸಾವಿರಾರು ಹೊಸಬರು ಜೇನಿನ ಬಗ್ಗೆ, ಹೂವಿನ ಬಗ್ಗೆ, ಕೀಟನಾಶಕದ ಬಗ್ಗೆ ಯೋಚಿಸಲು ತೊಡಗಿದ್ದರೆ ಅದರಲ್ಲಿ ಈ ಪೆಟ್ಟಿಗೆಯ ಪಾಲೂ ಇದೆ.

ವಿರೋಧ: ಜೇನು ಇಳಿಸುವುದು ಸುಲಭ, ಸಾಕುವುದು ಸುಲಭವಾಗಲಿಲ್ಲ

ಜೇನು ಸಾಕುವವರ ಕಷ್ಟ ಇರುವುದು ಜೇನು ತೆಗೆಯುವ ಆ ಒಂದೆರಡು ದಿನಗಳಲ್ಲಿ ಅಲ್ಲ. ಉಳಿದ ದಿನಗಳಲ್ಲಿ ರಾಣಿ ಮೊಟ್ಟೆಯಿಡುತ್ತಿದೆಯೇ, ಕುಟುಂಬ ಪಾಲಾಗುವ ಸೂಚನೆಯಿದೆಯೇ, ಮೇಣದ ಪತಂಗ ಹೊಕ್ಕಿದೆಯೇ, ಮರಿಗಳಿಗೆ ರೋಗ ತಗುಲಿದೆಯೇ ಎಂದು ನೋಡುತ್ತಿರಬೇಕು. ಈ ಯಾವ ಕೆಲಸವನ್ನೂ ಕೀಲಿ ಮಾಡುವುದಿಲ್ಲ. ಫ್ಲೋ ಹೈವ್ ಹುಟ್ಟಿದ ನಾಡಿನಲ್ಲೇ ಇದರ ಪಾಠ ಸಿಕ್ಕಿದೆ. 2022ರ ಜೂನ್‌ನಲ್ಲಿ ನ್ಯೂಕ್ಯಾಸಲ್ ಬಂದರಿನಲ್ಲಿ ವರೋವಾ ನುಸಿ ಪತ್ತೆಯಾಯಿತು. ಅದನ್ನು ಬೇರುಸಹಿತ ತೆಗೆಯುವ ಯತ್ನವನ್ನು 2023ರಲ್ಲಿ ಕೈಬಿಡಬೇಕಾಯಿತು. ಈಗ ಅಲ್ಲಿನ ಹವ್ಯಾಸಿ ಪೆಟ್ಟಿಗೆ ತೆರೆದು ನುಸಿ ಎಣಿಸದೆ ಕುಟುಂಬವನ್ನು ಉಳಿಸಿಕೊಳ್ಳಲಾರ. ತೆರೆಯುವುದು ಹೇಗೂ ತಪ್ಪದು ಎಂದಮೇಲೆ ತೆರೆಯದೆ ಜೇನು ತೆಗೆಯುವ ಸೌಕರ್ಯಕ್ಕೆ ಇಷ್ಟು ಹಣ ಏಕೆ?

ಹಣದ ಮಾತು ಸಣ್ಣದಲ್ಲ. ಇದು ನೂರಾರು ಡಾಲರಿನ ಪೆಟ್ಟಿಗೆ. ಒಂದು ತಿರುಗು ಯಂತ್ರ ಹತ್ತಾರು ಮನೆಗಳಿಗೆ ಸಾಕು, ಎರವಲು ತಂದರೂ ನಡೆಯುತ್ತದೆ. ಫ್ಲೋ ಚೌಕಟ್ಟನ್ನು ಪ್ರತಿ ಪೆಟ್ಟಿಗೆಗೂ ಬೇರೆಯಾಗಿಯೇ ಕೊಳ್ಳಬೇಕು.

ತಾಂತ್ರಿಕ ತೊಡಕುಗಳೂ ಇವೆ. ಚೌಕಟ್ಟನ್ನು ಎತ್ತಿ ನೋಡದೆ ಕೀಲಿ ತಿರುಗಿಸಿದರೆ ಮುಚ್ಚಳ ಬೀಳದ ಎಳಸು ಜೇನೂ ಇಳಿಯುತ್ತದೆ. ತೇವ ಹೆಚ್ಚಿರುವ ಅದು ಬೇಗ ಹುಳಿಯುತ್ತದೆ. ಕಣ ಸರಿದಾಗ ಸ್ವಲ್ಪ ಜೇನು ಸಂಸಾರ ಕೋಣೆಗೆ ಸೋರುವುದೂ ಉಂಟು. ಹೆಪ್ಪುಗಟ್ಟಿದ ಜೇನಾದರೆ ಇಳಿಯುವುದೇ ಇಲ್ಲ. ನಮ್ಮ ರಬ್ಬರ್ ಜೇನು, ಸೂರ್ಯಕಾಂತಿ ಜೇನು ಎಷ್ಟು ಬೇಗ ಸಕ್ಕರೆಗಟ್ಟುತ್ತವೆ ಎಂದು ಸುಳ್ಯದವರಿಗೂ ರಾಯಚೂರಿನವರಿಗೂ ಗೊತ್ತು.

ಕರ್ನಾಟಕಕ್ಕೆ ಬಂದರೆ ಪ್ರಶ್ನೆ ಇನ್ನೂ ಗಟ್ಟಿ. ಮಲೆನಾಡು, ಕೊಡಗು, ಕರಾವಳಿಯ ಹಿತ್ತಲುಗಳಲ್ಲಿರುವುದು ತುಡುವೆ. ಫ್ಲೋ ಹೈವ್ ರೂಪುಗೊಂಡದ್ದು ಯುರೋಪಿನ ಮೆಲ್ಲಿಫೆರಾ ನೊಣಕ್ಕೆ. ತುಡುವೆಯ ಮೈ ಚಿಕ್ಕದು, ಕಣ ಚಿಕ್ಕದು, ಕುಟುಂಬವೂ ಚಿಕ್ಕದು. ನಮ್ಮ ನ್ಯೂಟನ್ ಪೆಟ್ಟಿಗೆಯ ಪುಟ್ಟ ಚೌಕಟ್ಟುಗಳು ಆ ನೊಣದ ಅಳತೆ ನೋಡಿಯೇ ಆದವು. ತುಸು ಇರಿಸುಮುರಿಸಾದರೂ ಪೆಟ್ಟಿಗೆ ಬಿಟ್ಟು ಹಾರಿಹೋಗುವ ತುಡುವೆಗೆ ಅಗಲ ಕಣದ ಪ್ಲಾಸ್ಟಿಕ್ ಎರಿ ಕೊಟ್ಟು ಒಗ್ಗಿಕೋ ಎನ್ನುವುದು ಸಾಕುವವರ ಅನುಕೂಲಕ್ಕಾಗಿ ನೊಣವನ್ನು ಪೀಡಿಸಿದಂತೆ.

ಇನ್ನೊಂದು ನೆನಪೂ ಇಲ್ಲಿ ಬೇಕು. 1990ರ ದಶಕದ ಮೊದಲಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ದಕ್ಷಿಣ ಭಾರತದ ತುಡುವೆ ಕುಟುಂಬಗಳಲ್ಲಿ ಬಹುಪಾಲನ್ನು ಬಲಿ ತೆಗೆದುಕೊಂಡಿತು. ಆ ರೋಗದಲ್ಲಿ ಸತ್ತ ಮರಿ ಕಣದೊಳಗೆ ಉದ್ದಕ್ಕೆ ಚಾಚಿಕೊಂಡಿರುತ್ತದೆ, ತಲೆ ಮೇಲಕ್ಕೆ ಎತ್ತಿರುತ್ತದೆ. ಚಿಮಟದಿಂದ ಮೆಲ್ಲಗೆ ಎತ್ತಿದರೆ ನೀರು ತುಂಬಿದ ಚೀಲವಾಗಿ ಬರುತ್ತದೆ. ಅದನ್ನು ಕಾಣಬೇಕಾದರೆ ಸಂಸಾರ ಕೋಣೆಯ ಚೌಕಟ್ಟನ್ನು ಬೆಳಕಿಗೆ ಹಿಡಿಯುವ ಅಭ್ಯಾಸ ಬೇಕು. ಜೇನು ಬೇಕಾದಾಗಲೆಲ್ಲ ಪೆಟ್ಟಿಗೆ ತೆರೆಯುವವನಿಗೆ ಆ ಅಭ್ಯಾಸ ತಾನಾಗಿ ಬರುತ್ತದೆ. ಹಿಂದೆ ನಿಂತು ಕೀಲಿ ತಿರುಗಿಸುವವನು ಅದನ್ನು ಬೇರೆಯಾಗಿ ಕಲಿಯಬೇಕು, ಮತ್ತು ಹೊಸಬರಲ್ಲಿ ಹೆಚ್ಚಿನವರು ಕಲಿಯುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಎರಡೂ ಕಡೆಯವರು ಒಪ್ಪುವ ಮಾತೊಂದಿದೆ: ಈ ಪೆಟ್ಟಿಗೆ ಬದಲಿಸಿರುವುದು ಜೇನು ತೆಗೆಯುವ ವಿಧಾನವನ್ನು ಮಾತ್ರ. ಆದ್ದರಿಂದ ಇದನ್ನು ಅಳೆಯಬೇಕಾದದ್ದೂ ಅಷ್ಟರಿಂದಲೇ.

ಸಿಡ್ನಿಯಲ್ಲೋ ಮೆಲ್ಬರ್ನ್‌ನಲ್ಲೋ ನೆಲೆಸಿ, ಮೆಲ್ಲಿಫೆರಾ ಸಾಕುತ್ತ, ಪೆಟ್ಟಿಗೆ ತೆರೆಯುವುದನ್ನು ಕಲಿತ ಕನ್ನಡಿಗರು ಎತ್ತುವ ಕಷ್ಟ ತಪ್ಪಿಸಿಕೊಳ್ಳಲು ಫ್ಲೋ ಜೇನು ಕೋಣೆಯನ್ನು ಕೊಂಡರೆ ತಪ್ಪಿಲ್ಲ. ಮೊದಲ ಒಂದೆರಡು ವರ್ಷ ಸಾದಾ ಪೆಟ್ಟಿಗೆಯಲ್ಲಿ ಕೈ ಪಳಗಿಸಿ ಆಮೇಲೆ ಕೊಂಡರೆ ಇನ್ನೂ ಒಳ್ಳೆಯದು. ಅಗ್ಗದ ನಕಲಿಗಳಿಂದ ಮಾತ್ರ ದೂರವಿರಬೇಕು. ಚೌಕಟ್ಟಿನ ಅಳತೆ ಕೂದಲೆಳೆಯಷ್ಟು ತಪ್ಪಿದರೂ ಜೇನು ಬಾಟಲಿಗಿಂತ ಮೊದಲು ಪೆಟ್ಟಿಗೆಯೊಳಗೇ ಸುರಿಯುತ್ತದೆ.

ನಮ್ಮ ಊರುಗಳಲ್ಲಿ ತುಡುವೆ ಸಾಕುವವರಿಗೆ ಇದು ಬೇಡ. ಅದೇ ಹಣದಲ್ಲಿ ಒಳ್ಳೆಯ ಮರದ ಪೆಟ್ಟಿಗೆಗಳು, ಕುಟುಂಬಗಳು, ಒಂದು ಕೈಯಂತ್ರ ಎಲ್ಲವೂ ಬರುತ್ತವೆ. ಪೆಟ್ಟಿಗೆ ಮತ್ತು ಕುಟುಂಬಕ್ಕೆ ತೋಟಗಾರಿಕೆ ಇಲಾಖೆಯ ಸಹಾಯಧನವಿದೆ. ಪುತ್ತೂರು, ವಿರಾಜಪೇಟೆಗಳಲ್ಲಿ ಜೇನು ಸಾಕುವವರ ಸಹಕಾರ ಸಂಘಗಳು ದಶಕಗಳಿಂದ ಇವೆ. ಅನುಭವಸ್ಥರ ಜೊತೆ ನಿಂತು ಪೆಟ್ಟಿಗೆ ತೆರೆಯುವುದನ್ನು ಕಲಿಯಿರಿ, ಹಿತ್ತಲಲ್ಲಿ ವರ್ಷವಿಡೀ ಹೂ ಬಿಡುವ ಗಿಡಗಳನ್ನು ಬೆಳೆಸಿ. ಹೂವೂ ಆರೈಕೆಯೂ ಇದ್ದರೆ ಸಾದಾ ಪೆಟ್ಟಿಗೆಯಲ್ಲೇ ಮನೆಮಂದಿಗೆ ಸಾಲುವಷ್ಟು ಜೇನು ಸಿಗುತ್ತದೆ.