‘ಎರಡು ದಿನ ಓಡಿಸಿ, ಸರಿಯಾಗ್ತದೆ’ ಅಂದ್ರೆ ಒಪ್ಪಬೇಡಿ

ಮಣಿಪಾಲದ ಟೈಗರ್ ಸರ್ಕಲ್‌ನಿಂದ ಉಡುಪಿಗೆ ಇಳಿಯುವಾಗ ಬ್ರೇಕ್ ಪೆಡಲ್ ಅರ್ಧಕ್ಕಿಂತ ಕೆಳಗೆ ಹೋದರೆ ಎದೆ ಹೇಗೆ ಹೊಡೆದುಕೊಳ್ಳುತ್ತದೆ ಎಂದು ನಮಗೆ ಗೊತ್ತು. ಮುಂದಿನ ಡಿಸ್ಕ್ ಪ್ಯಾಡ್ ಹೊಸದು ಹಾಕಿಸಿ ಅರ್ಧ ಗಂಟೆಯೂ ಆಗಿರಲಿಲ್ಲ. ವಾಪಸ್ ಹೋಗಿ ಕೇಳಿದರೆ ಉತ್ತರ: ‘ಹೊಸ ಪ್ಯಾಡ್ ಅಲ್ವಾ ಮಾರಾಯ್ರೆ, ಎರಡು ದಿನ ಓಡಿಸಿ, ಸೆಟ್ ಆಗ್ತದೆ.’

ಈ ಮಾತಿಗೆ ತಲೆಯಾಡಿಸಿ ಬರಬಾರದು. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳುವವರೆಗೆ ಹಿಡಿತ ಸ್ವಲ್ಪ ಕಡಿಮೆ ಇರಬಹುದು, ಪೆಡಲ್ ತುಸು ಮೆತ್ತಗೆ ಅನ್ನಿಸಲೂಬಹುದು. ನೆಲದ ಹತ್ತಿರ ಹೋಗುವುದು ಬೇರೆಯೇ ಸಂಗತಿ.

ಪ್ಯಾಡ್ ಹಾಕುವಾಗ ಪಿಸ್ಟನನ್ನು ಹಿಂದಕ್ಕೆ ತಳ್ಳುತ್ತಾರೆ. ಹಾಗಾಗಿ ಮೊದಲ ನಾಲ್ಕಾರು ಸಲ ಪೆಡಲ್ ಕೆಳಗೆ ಹೋಗುವುದು ಸಹಜ. ಗಾಡಿ ನಿಂತಲ್ಲೇ ಗಟ್ಟಿಯಾಗುವವರೆಗೆ ಒತ್ತಬೇಕು. ಆಮೇಲೂ ತಗ್ಗಿದ್ದರೆ ಇಂಜಿನ್ ಆಫ್ ಮಾಡಿ ಪಟಪಟನೆ ಒತ್ತಿ ನೋಡಿ. ಒತ್ತಿದಷ್ಟೂ ಮೇಲೆ ಬಂದರೆ, ಒಂದೋ ಏರ್ ಹಿಡಿದಿದೆ, ಇಲ್ಲವೇ ಹಿಂದಿನ ಲೈನರ್ ಗ್ಯಾಪ್ ಜಾಸ್ತಿ. ನಮ್ಮ ಕಡೆಯ ಹೆಚ್ಚಿನ ಸಣ್ಣ ಕಾರುಗಳಿಗೆ ಹಿಂದೆ ಡ್ರಮ್ಮೇ ಇರುವುದು. ಹ್ಯಾಂಡ್‌ಬ್ರೇಕ್ ಪೂರ್ತಿ ಎಳೆದು ಪೆಡಲ್ ಒತ್ತಿ. ಆಗ ಮೇಲೇ ನಿಂತರೆ ಅನುಮಾನ ಹಿಂದಿನ ಚಕ್ರದ ಮೇಲೆ. ಹ್ಯಾಂಡ್‌ಬ್ರೇಕ್ ಎಳೆದರೂ ಸ್ಪಂಜಿನ ಹಾಗೇ ಇದ್ದರೆ ಏರ್. ಬರೀ ಪ್ಯಾಡ್ ಬದಲಿಸಿದರೆ ಏರ್ ಹೋಗುವುದಿಲ್ಲ, ‘ನಿಪ್ಪಲ್ ಬಿಚ್ಚಿದ್ರಾ?’ ಎಂದು ಕೇಳಿ. ಕಾಲು ಒತ್ತಿ ಹಿಡಿದಾಗ ಪೆಡಲ್ ಮೆಲ್ಲಗೆ ಇಳಿಯುತ್ತಾ ಹೋದರೆ ಎಲ್ಲೋ ಸೋರುತ್ತಿದೆ, ಅಥವಾ ಮಾಸ್ಟರ್ ಸಿಲಿಂಡರ್ ಹೋಗಿದೆ. ಅಂಥ ಗಾಡಿ ಓಡಿಸಬೇಡಿ. (ಇಂಜಿನ್ ಸ್ಟಾರ್ಟ್ ಮಾಡಿದಾಗ ಸ್ವಲ್ಪ ಇಳಿಯುವುದು ಬೂಸ್ಟರಿನ ಕೆಲಸ, ಅದಕ್ಕೆ ಹೆದರುವುದು ಬೇಡ.)

ಕಾಪುವಿನಂಥ ಕಡಲ ಬದಿಯಲ್ಲಿ ಇನ್ನೊಂದು ತೊಂದರೆ. ಉಪ್ಪುಗಾಳಿಗೆ ಕ್ಯಾಲಿಪರ್ ಪಿನ್ ತುಕ್ಕು ಹಿಡಿದು ಕಚ್ಚಿಕೊಂಡರೆ ಹೊಸ ಪ್ಯಾಡ್ ನೇರ ಕೂರುವುದಿಲ್ಲ. ಬ್ರೇಕ್ ಆಯಿಲಿನದ್ದೂ ಅದೇ ಕಥೆ, ಅದು ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್ 3 ಆಯಿಲ್ 205 ಡಿಗ್ರಿವರೆಗೆ ಕುದಿಯಬಾರದು. ತೇವ ಸೇರಿದರೆ ಆ ಮಿತಿ 140ಕ್ಕೆ ಇಳಿಯುತ್ತದೆ. ಕಾರ್ಕಳದವರು ಕುದುರೆಮುಖದಿಂದ ಮಾಳಕ್ಕೆ, ನಾವು ಆಗುಂಬೆಯಿಂದ ಸೋಮೇಶ್ವರಕ್ಕೆ ಬ್ರೇಕ್ ಒತ್ತಿಕೊಂಡೇ ಇಳಿಯುತ್ತೇವಲ್ಲ, ಆಯಿಲ್ ಕುದ್ದರೆ ಪೆಡಲ್ ನೆಲಕ್ಕೆ ಮುಟ್ಟುವುದು ಅಲ್ಲೇ.

ತಪ್ಪೆಲ್ಲ ಮೆಕ್ಯಾನಿಕ್‌ನದ್ದು ಎನ್ನುವ ಮುಖ ನಮಗಿಲ್ಲ. ‘ಪ್ಯಾಡ್ ಮಾತ್ರ ಹಾಕಿ, ಬೇರೆ ಏನೂ ಮುಟ್ಟಬೇಡಿ’ ಎಂದವರು ನಾವೇ. ಹಾಗಂತ ಗಾಡಿ ಕೊಡುವ ಮೊದಲು ಪೆಡಲ್ ಒಮ್ಮೆ ಒತ್ತಿ ನೋಡುವುದು ಗ್ಯಾರೇಜಿನವರ ಕೆಲಸ. ದುಡ್ಡು ಕೊಡುವ ಮೊದಲು ಡ್ರೈವರ್ ಸೀಟಿನಲ್ಲಿ ಕೂತು ಒತ್ತಿ ನೋಡುವುದು ನಮ್ಮದು.

ನಮ್ಮ ಕಾರಿನಲ್ಲಿ ಕೊನೆಗೆ ಸಿಕ್ಕಿದ್ದು ಹಿಂದಿನ ಡ್ರಮ್ಮಿನೊಳಗೆ ತುಕ್ಕು ಹಿಡಿದು ಕೂತಿದ್ದ ಅಡ್ಜಸ್ಟರ್. ಪೆಡಲ್ ಮೊದಲಿಂದಲೂ ತಗ್ಗಿಯೇ ಇತ್ತಂತೆ, ಕಾಲಿಗೆ ಅಭ್ಯಾಸವಾಗಿತ್ತು. ಹೊಸ ಪ್ಯಾಡ್ ಹಾಕಿಸಿದ ಮೇಲೆ ಗಮನ ಹೋಯಿತು ಅಷ್ಟೆ.