ಮನೆಯ ಪಟ: ಸಂಸ್ಕಾರವೂ ವಿಕಾರವೂ

ಹಿರಿಯರೊಬ್ಬರು ಗತಿಸಿದ ಮನೆಯಲ್ಲಿ ಎರಡು ಮೂರು ದಿನಗಳೊಳಗಾಗಿ ಒಂದು ಹುಡುಕಾಟ ನಡೆಯುವುದನ್ನು ವಾಚಕರಲ್ಲಿ ಅನೇಕರು ಕಂಡಿರಬಹುದು. ಸಮಾರಾಧನೆಯ ದಿನ ಹೂವಿನ ಹಾರ ಹಾಕಿ ಇಡುವುದಕ್ಕೆ ಒಂದು ಪಟ ಬೇಕು. ಮನೆಯವರ ಫೋನುಗಳಲ್ಲಿ ಸಾವಿರಗಟ್ಟಲೆ ಚಿತ್ರಗಳಿರುವುವು. ಮಕ್ಕಳ ಹುಟ್ಟುಹಬ್ಬ, ಪ್ರವಾಸದ ಜಲಪಾತ, ಹೋಟೆಲಿನ ದೋಸೆ, ಎಲ್ಲವೂ ಅಲ್ಲಿ ಉಂಟು. ಆದರೆ ಎಲ್ಲರಿಗೂ ಬಡಿಸಿ ಕೊನೆಗೆ ತಾನು ಉಂಡ ತಾಯಿಯ ಮುಖವು ಒಂದರಲ್ಲಿಯೂ ನೆಟ್ಟಗೆ ಕಾಣದು. ಕಡೆಗೆ ಯಾರದೋ ಮದುವೆಯ ಗುಂಪುಚಿತ್ರದಿಂದ ಆಕೆಯ ಮುಖವನ್ನು ಬೇರ್ಪಡಿಸಿ ದೊಡ್ಡದು ಮಾಡಿಸುವರು. ಪಕ್ಕದಲ್ಲಿ ನಿಂತಿದ್ದವರ ಭುಜವನ್ನು ಅಳಿಸಿ, ಹಿಂದೆ ನೀಲಿಯ ಬಣ್ಣವನ್ನು ತುಂಬಿ, ಕೆನ್ನೆಯ ಸುಕ್ಕುಗಳನ್ನು ನೀವಿ, ಅಂಗಡಿಯವರು ಒಂದು ಪಟವನ್ನು ಸಿದ್ಧಪಡಿಸಿ ಕೊಡುವರು. ಮೊಮ್ಮಕ್ಕಳು ಮುಂದೆ ಅಜ್ಜಿಯೆಂದು ಕೈಮುಗಿಯುವುದು ಆ ಮುಖಕ್ಕೆ. ಆಕೆಯನ್ನು ಬಲ್ಲವರು ಮಾತ್ರ, ‘ಇದು ಅವರೇ ಹೌದು, ಆದರೆ ಅವರಲ್ಲ’ ಎಂದು ಮನಸ್ಸಿನಲ್ಲಿಯೇ ಅಂದುಕೊಳ್ಳುವರು.

ಆದುದರಿಂದ ಮನೆಯವರ ಛಾಯಾಚಿತ್ರಗಳನ್ನು ತೆಗೆಯುವ ವಿದ್ಯೆಯು ಕೇವಲ ವಿನೋದವಲ್ಲ. ಅದು ಗೃಹಕೃತ್ಯಗಳಲ್ಲಿ ಒಂದೆಂದು ನಮ್ಮ ಅಭಿಪ್ರಾಯ. ಈ ವಿದ್ಯೆಯನ್ನು ಹೇಗೆ ಕಲಿಯಬೇಕು, ತೆಗೆದ ಚಿತ್ರವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬೆರಡು ವಿಷಯಗಳನ್ನು ಈ ತಿಂಗಳು ವಿಚಾರ ಮಾಡುವೆವು.

ತಿದ್ದುವುದು ಈಗಿನ ಕಾಲದವರು ಕಲ್ಪಿಸಿಕೊಂಡ ಚಾಳಿಯೆಂದು ಕೆಲವರು ತಿಳಿದಿರುವರು. ಅದು ಸರಿಯಲ್ಲ. ಲಿನ್ನೇಯಸ್ ಟ್ರೈಪ್ ಎಂಬ ಸೈನ್ಯಾಧಿಕಾರಿಯು ಬೆಂಗಳೂರಿನಲ್ಲಿದ್ದಾಗ, 1854ನೆಯ ಇಸವಿಯ ಡಿಸೆಂಬರಿನಲ್ಲಿ, ಹಳೇಬೀಡು ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಮರುವರ್ಷ ಆತನು ಬರ್ಮಾ ದೇಶಕ್ಕೆ ಹೋದನು. ಆ ಕಾಲದ ಕಾಗದದ ನೆಗೆಟಿವ್‌ಗಳಿಂದ ಮಾಡಿದ ಪಟಗಳಲ್ಲಿ ಆಕಾಶವು ಬರಿಯ ಬಿಳುಪಾಗಿ ಬರುತ್ತಿದ್ದುದರಿಂದ, ಆತನು ಅಲ್ಲಿ ತೆಗೆದ ಕೆಲವು ನೆಗೆಟಿವ್‌ಗಳ ಮೇಲೆ ಬಣ್ಣವನ್ನು ಹಚ್ಚಿ ಮೋಡಗಳನ್ನು ಬರೆದನು. ಅನಂತರದ ನೂರು ವರ್ಷಗಳಲ್ಲಿ ನಮ್ಮ ಊರುಗಳ ಸ್ಟುಡಿಯೋಗಳಲ್ಲಿಯೂ ಮೊನೆಯಾದ ಪೆನ್ಸಿಲಿನಿಂದ ನೆಗೆಟಿವ್ ಮೇಲೆ ಮೊಡವೆ ಸುಕ್ಕುಗಳನ್ನು ಮರೆಸುವವರು ಇದ್ದೇ ಇದ್ದರು. ಈಗ ಅದೇ ಕೆಲಸವನ್ನು ಬೆರಳೊತ್ತಿದರೆ ಫೋನು ಮಾಡುವುದು. ಹೊಸದಾದುದು ಸೌಲಭ್ಯ, ಪ್ರಶ್ನೆ ಹಳೆಯದೇ.

ಮೊದಲು ತೆಗೆಯುವ ವಿಚಾರ. ಛಾಯಾಗ್ರಹಣಕ್ಕೆ ಬೆಲೆಯುಳ್ಳ ಯಂತ್ರವು ಆವಶ್ಯಕವೆಂಬುದು ಆರಂಭದಲ್ಲಿಯೇ ಬಿಡಬೇಕಾದ ಭ್ರಮೆ. ಮನೆಯಲ್ಲಿರುವ ಫೋನೇ ಸಾಕು. ನಾಲ್ಕಂಗುಲ ಆರಂಗುಲದ ಪಟವೊಂದನ್ನು ಅಚ್ಚುಕಟ್ಟಾಗಿ ಮುದ್ರಿಸಲು, ಅಂಗುಲಕ್ಕೆ 300 ಬಿಂದುಗಳಂತೆ, 1200ಕ್ಕೆ 1800, ಅಂದರೆ ಸುಮಾರು 22 ಲಕ್ಷ ಬಿಂದುಗಳು ಬೇಕು. ಸಾಧಾರಣವಾದ ಫೋನುಗಳು ಒಂದೊಂದು ಚಿತ್ರದಲ್ಲಿ ಒಂದು ಕೋಟಿ ಇಪ್ಪತ್ತು ಲಕ್ಷ ಬಿಂದುಗಳನ್ನು ಕೊಡುವುವು. ಕೊರತೆಯಿರುವುದು ಯಂತ್ರದಲ್ಲಲ್ಲ, ಬೆಳಕನ್ನು ನೋಡುವ ಅಭ್ಯಾಸದಲ್ಲಿ.

ನಡುಹಗಲಿನ ಬಿಸಿಲಿನಲ್ಲಿ ನಿಂತವರ ಕಣ್ಣಿನ ಗುಳಿಗಳು ಕಪ್ಪಾಗುವುವು. ಮೂಗಿನ ನೆರಳು ತುಟಿಯ ಮೇಲೆ ಬೀಳುವುದು. ಬೆಳಗ್ಗೆ ಒಂಬತ್ತರ ಒಳಗೆ, ಸಂಜೆ ಐದರ ಮೇಲೆ ಬೆಳಕು ಓರೆಯಾಗಿಯೂ ಮೃದುವಾಗಿಯೂ ಇರುವುದು. ಮನೆಯೊಳಗಾದರೆ ಕಿಟಕಿಯ ಪಕ್ಕವೇ ಶ್ರೇಷ್ಠವಾದ ಸ್ಥಳ. ಆದರೆ ಕಿಟಕಿಯು ಕುಳಿತವರ ಬೆನ್ನ ಹಿಂದೆ ಇರಕೂಡದು. ಹಾಗಾದರೆ ಮುಖವು ಕತ್ತಲೆಯಾಗುವುದು. ಅವರ ಪಕ್ಕಕ್ಕೋ ಎದುರಿಗೋ ಬರುವಂತೆ ಕೂರಿಸಬೇಕು. ಮೇಲಿನ ವಿದ್ಯುದ್ದೀಪವನ್ನು ಆರಿಸಿಬಿಡುವುದು ಲೇಸು. ಹಗಲಿನ ಬೆಳಕೂ ದೀಪದ ಬೆಳಕೂ ಕಲೆತರೆ ಮುಖದ ಒಂದು ಭಾಗ ನೀಲಿ, ಇನ್ನೊಂದು ಭಾಗ ಹಳದಿಯಾಗಿ ಬರುವುದು. ಅದನ್ನು ಮುಂದೆ ತಿದ್ದುವುದು ಕಷ್ಟ.

ಇನ್ನು ದೂರದ ವಿಚಾರ. ಫೋನಿನ ಮಸೂರವು ಅಗಲವಾದ ನೋಟದ್ದು. ಒಂದು ಮೊಳದ ದೂರದಿಂದ ಮುಖವನ್ನು ತೆಗೆದರೆ ಮೂಗು ದೊಡ್ಡದಾಗಿಯೂ ಕಿವಿಗಳು ಹಿಂದೆ ಸರಿದಂತೆಯೂ ತೋರುವುವು. ಐದಾರು ಅಡಿ ಹಿಂದೆ ಸರಿದು, ಎರಡರಷ್ಟು ಹತ್ತಿರ ತೋರಿಸುವ ಗುರುತನ್ನು ಒತ್ತಿ ತೆಗೆದರೆ ಮುಖವು ಮುಖದಂತೆಯೇ ಬರುವುದು. ಮಕ್ಕಳನ್ನು ತೆಗೆಯುವಾಗ ನಾವು ನೆಲದ ಮೇಲೆ ಕುಳಿತು ಅವರ ಕಣ್ಣಿನ ಎತ್ತರಕ್ಕೆ ಇಳಿಯಬೇಕು. ತೆರೆಯ ಮೇಲೆ ಕಾಣುವ ಮುಖವನ್ನು ಬೆರಳಿನಿಂದ ಮುಟ್ಟಿದರೆ ಯಂತ್ರವು ಗಮನವನ್ನೂ ಬೆಳಕಿನ ಅಳತೆಯನ್ನೂ ಅಲ್ಲಿಯೇ ನಿಲ್ಲಿಸುವುದು. ಎಲ್ಲಕ್ಕೂ ಮುಂಚೆ ಮಸೂರವನ್ನು ಶುಚಿಯಾದ ಮೆತ್ತನೆಯ ಬಟ್ಟೆಯಿಂದ ಒರಸಬೇಕು. ಅಡುಗೆಮನೆಯ ಎಣ್ಣೆಯ ಬೆರಳಿನ ಗುರುತು ಅನೇಕ ಚಿತ್ರಗಳನ್ನು ಮಂಕಾಗಿಸಿರುವುದು.

ಅಭ್ಯಾಸಕ್ಕೆ ಪಕ್ಷಿಗಳು ಒಳ್ಳೆಯ ಉಪಾಧ್ಯಾಯರು. ಏಕೆಂದರೆ ‘ಸ್ವಲ್ಪ ನಗು’ ಎಂದು ಅವುಗಳಿಗೆ ಹೇಳಲಾಗುವುದಿಲ್ಲ. ನಾವಿರುವ ಅಲ್ಲಾಳಸಂದ್ರದಲ್ಲಿ ಕೆರೆಯ ಏರಿಯ ಮೇಲೆ ಬೆಳಗಿನ ಹೊತ್ತು ಕೊಳಬಕವೋ ನೀರುಕಾಗೆಯೋ ಕಾಣಿಸುವುದು. ಕೊಳಬಕವು ಕಾಲುಗಂಟೆ ಕದಲದೆ ನಿಲ್ಲುವುದು. ಹೊಸಬರಿಗೆ ಅದರಷ್ಟು ಸಹನೆಯುಳ್ಳ ವಸ್ತು ಬೇರೊಂದಿಲ್ಲ. ಅದು ಬೆಳಕಿಗೆ ತಿರುಗುವ ತನಕ ಕಾಯುವುದನ್ನು ಕಲಿತವರು, ಸೊಪ್ಪು ಬಿಡಿಸುತ್ತ ಕುಳಿತ ಅತ್ತೆಯವರು ತಲೆಯೆತ್ತುವ ತನಕ ಕಾಯುವುದನ್ನೂ ಬಲ್ಲರು. ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿಯ ತೋಟದಲ್ಲಿದ್ದುಕೊಂಡೇ ಹಕ್ಕಿಗಳ ಚಿತ್ರಗಳನ್ನು ತೆಗೆದುದು ಕನ್ನಡಿಗರಿಗೆ ತಿಳಿದುದೇ. ಕಾಡುಪ್ರಾಣಿಗಳ ಚಿತ್ರಗಳಿಂದ ಲೋಕಪ್ರಸಿದ್ಧರಾದ ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು, 2017ರಲ್ಲಿ ತೀರಿಕೊಂಡವರು, ಓ. ಸಿ. ಎಡ್ವರ್ಡ್ಸ್ ಎಂಬವರ ಬಳಿ ಶಿಷ್ಯವೃತ್ತಿಯಿಂದ ಈ ವಿದ್ಯೆಯನ್ನು ಕಲಿತರು. ಒಬ್ಬರಿಂದೊಬ್ಬರು ಕಲಿಯುವ ಈ ಪದ್ಧತಿಯನ್ನು 1971ರಲ್ಲಿ ಹುಟ್ಟಿದ ಬೆಂಗಳೂರಿನ ಯೂತ್ ಫೋಟೋಗ್ರಾಫಿಕ್ ಸೊಸೈಟಿಯಂತಹ ಹವ್ಯಾಸಿಗಳ ಸಂಘಗಳು ಉಳಿಸಿಕೊಂಡು ಬಂದಿರುವುವು.

ಇಂತಹ ಹವ್ಯಾಸಿಗಳಿಂದ ಗೃಹಸ್ಥರು ಕಲಿಯಬೇಕಾದ ಮುಖ್ಯವಾದ ಪಾಠವೊಂದಿದೆ. ಪ್ರಕೃತಿಚಿತ್ರಗಳ ಸ್ಪರ್ಧೆಗಳಿಗಾಗಿ ಅಂತಾರಾಷ್ಟ್ರೀಯ ಒಕ್ಕೂಟವೂ, ಅಮೆರಿಕದ ಛಾಯಾಚಿತ್ರ ಸಂಘವೂ, ಬ್ರಿಟನ್ನಿನ ರಾಯಲ್ ಫೋಟೋಗ್ರಾಫಿಕ್ ಸೊಸೈಟಿಯೂ 2014ರಲ್ಲಿ ಕೂಡಿ ಒಂದು ನಿಯಮವನ್ನು ಒಪ್ಪಿಕೊಂಡವು. ಅದರ ತಾತ್ಪರ್ಯವೇನೆಂದರೆ: ಚಿತ್ರದ ಅಂಚನ್ನು ಕತ್ತರಿಸಬಹುದು, ಬೆಳಕು ಬಣ್ಣಗಳನ್ನು ಸಹಜವಾಗಿ ತೋರುವಂತೆ ಸರಿಪಡಿಸಬಹುದು, ಯಂತ್ರದಿಂದ ಬಂದ ಧೂಳಿನ ಚುಕ್ಕೆ, ಗೀರುಗಳನ್ನು ಒರಸಬಹುದು, ಆದರೆ ಅಲ್ಲಿ ಇಲ್ಲದುದನ್ನು ಸೇರಿಸಕೂಡದು, ಇದ್ದುದನ್ನು ತೆಗೆಯಕೂಡದು, ಸ್ಥಳವನ್ನು ಬದಲಾಯಿಸಕೂಡದು. ಒಂದು ಕೊಕ್ಕರೆಗೆ ಸಲ್ಲುವ ಈ ಮರ್ಯಾದೆ ನಮ್ಮ ಅಜ್ಜಿಯವರಿಗೆ ಸಲ್ಲಬೇಡವೇ?

ಸಂಸ್ಕೃತಗ್ರಂಥಗಳ ಪರಿಚಯವುಳ್ಳವರಿಗೆ ಈ ನಿಯಮವು ಹೊಸದಲ್ಲ. ಮೈಸೂರಿನ ಪ್ರಾಚ್ಯಗ್ರಂಥಾಲಯದಲ್ಲಿ ಆರ್. ಶಾಮಶಾಸ್ತ್ರಿಗಳು ಓಲೆಯ ಪ್ರತಿಯಿಂದ ಕೌಟಿಲ್ಯನ ಅರ್ಥಶಾಸ್ತ್ರವನ್ನು ಸಂಪಾದಿಸಿ 1909ರಲ್ಲಿ ಪ್ರಕಟಿಸಿದರಷ್ಟೆ. ಇಂತಹ ಸಂಪಾದಕರ ಧರ್ಮವೇನು? ಲಿಪಿಕಾರನ ಕೈತಪ್ಪಿನಿಂದ ಅಕ್ಷರವು ಬಿದ್ದಿದ್ದರೆ ತಿದ್ದುವುದು. ಗ್ರಂಥಕಾರನ ಮಾತನ್ನು ಮುಟ್ಟದಿರುವುದು. ತನಗೆ ರುಚಿಸಿದ ಶ್ಲೋಕವನ್ನು ಮಧ್ಯದಲ್ಲಿ ತುರುಕಿದರೆ ಅದನ್ನು ಪ್ರಕ್ಷಿಪ್ತವೆನ್ನುವರು. ಛಾಯಾಚಿತ್ರದಲ್ಲಿ ಕ್ಯಾಮರಾ ಲಿಪಿಕಾರನು. ಮನುಷ್ಯನ ಮುಖವೇ ಗ್ರಂಥ. ಕ್ಯಾಮರಾ ಮಾಡಿದ ದೋಷವನ್ನು ತಿದ್ದುವುದು ಸಂಸ್ಕಾರ. ಮುಖವನ್ನೇ ತಿದ್ದುವುದು ವಿಕಾರ. ಸಂದೇಹ ಬಂದಾಗಲೆಲ್ಲ, ‘ಈ ದೋಷ ಯಂತ್ರದ್ದೋ, ಬದುಕಿನದೋ?’ ಎಂದು ಕೇಳಿಕೊಂಡರೆ ಉತ್ತರವು ತಾನಾಗಿಯೇ ಹೊಳೆಯುವುದು. ಚಿತ್ರ ವಾಲಿದ್ದರೆ ಅದು ಯಂತ್ರ ಹಿಡಿದ ಕೈಯ ದೋಷ, ನೆಟ್ಟಗೆ ಮಾಡಬಹುದು. ತಂದೆಯವರ ಬೆನ್ನು ಬಾಗಿದ್ದರೆ ಅದು ಅವರು ದುಡಿದ ವರ್ಷಗಳದು. ಅದನ್ನು ನೆಟ್ಟಗೆ ಮಾಡುವ ಅಧಿಕಾರ ನಮಗಿಲ್ಲ.

ಸಂಸ್ಕಾರದ ಕ್ರಮವು ಸುಲಭವಾದುದು. ಫೋನಿನೊಳಗಿನ ತಿದ್ದುವ ಸಾಧನವಾಗಲಿ, ಸ್ನ್ಯಾಪ್‌ಸೀಡ್ ಆಗಲಿ, ಗಣಕಯಂತ್ರವುಳ್ಳವರಿಗೆ ಬೆಲೆಯಿಲ್ಲದೆ ದೊರೆಯುವ ಗಿಂಪ್ ಆಗಲಿ ಸಾಕು. ಮೊದಲು ಮೂಲಚಿತ್ರವನ್ನು ಹಾಗೆಯೇ ಇಟ್ಟು, ಅದರ ಪ್ರತಿಯೊಂದನ್ನು ಮಾಡಿಕೊಂಡು ಅದರ ಮೇಲೆಯೇ ಕೆಲಸ ಮಾಡತಕ್ಕದ್ದು. ಎರಡನೆಯದಾಗಿ ಬಾಗಿಲ ಚೌಕಟ್ಟನ್ನೋ ಕಂಬವನ್ನೋ ಗುರುತಾಗಿಟ್ಟುಕೊಂಡು ಚಿತ್ರವನ್ನು ನೆಟ್ಟಗೆ ನಿಲ್ಲಿಸುವುದು. ಮೂರನೆಯದಾಗಿ ಅಂಚಿನಲ್ಲಿರುವ ಬಕೀಟು, ಚಪ್ಪಲಿ ಮೊದಲಾದುವನ್ನು ಕತ್ತರಿಸುವುದು. ಆದರೆ ಕೈಗಳನ್ನು ಕತ್ತರಿಸಬಾರದು. ಮುಖದಷ್ಟೇ ಕೈಗಳೂ ಮನುಷ್ಯನ ಗುರುತು. ನಾಲ್ಕನೆಯದಾಗಿ ಕತ್ತಲೆಯಾದ ಮುಖಕ್ಕೆ ಸ್ವಲ್ಪ ಬೆಳಕನ್ನು ಹೆಚ್ಚಿಸುವುದು. ಕೊನೆಗೆ ಬಿಳಿಯ ಪಂಚೆಯೋ ಗೋಡೆಯೋ ಬಿಳಿಯಾಗಿ ತೋರುವವರೆಗೆ ಬಣ್ಣವನ್ನು ಸಮಗೊಳಿಸುವುದು. ಇಷ್ಟಕ್ಕೆ ಐದು ನಿಮಿಷ ಸಾಲುವುದು. ಚರ್ಮವನ್ನು ನುಣುಪಾಗಿಸುವ, ಬಣ್ಣವನ್ನು ಬೆಳ್ಳಗಾಗಿಸುವ, ಕಣ್ಣನ್ನು ಅಗಲಿಸುವ ಗುಂಡಿಗಳೂ ಅಲ್ಲಿಯೇ ಪಕ್ಕದಲ್ಲಿರುವುವು. ಅವುಗಳನ್ನು ಮುಟ್ಟದಿರುವುದೇ ಸಂಯಮ. ಕಪ್ಪಾಗಿ ಹುಟ್ಟಿದ ಹೆಣ್ಣುಮಗುವಿನ ಪಟವನ್ನು ತಾಯ್ತಂದೆಯರೇ ಬೆಳ್ಳಗೆ ಮಾಡಿದರೆ, ಆ ಮಗು ಬೆಳೆದ ಮೇಲೆ ಅದರಿಂದ ಏನನ್ನು ತಿಳಿಯುವುದೆಂಬುದನ್ನು ಯೋಚಿಸಬೇಕು.

ಹಳೆಯ ಪಟಗಳ ಜೀರ್ಣೋದ್ಧಾರಕ್ಕೂ ಇದೇ ಧರ್ಮ. ಕಪ್ಪು ಬಿಳುಪಿನ ಪಟಗಳಲ್ಲಿ ಚಿತ್ರವು ಬೆಳ್ಳಿಯಿಂದ ಆದುದು. ಚೆನ್ನಾಗಿ ತೊಳೆದು ಸಿದ್ಧಪಡಿಸಿದ್ದರೆ ಬಹುಕಾಲ ಉಳಿಯುವುದು. 1970–80ರ ಸುಮಾರಿನ ಬಣ್ಣದ ಪಟಗಳಾದರೋ ರಾಸಾಯನಿಕ ವರ್ಣಗಳಿಂದಾದುವು. ಅವುಗಳಲ್ಲಿ ಅನೇಕವು ಈಗಾಗಲೇ ಕೆಂಪಡರಿರುವುವು. ಆದಕಾರಣ ಮೊದಲು ಪ್ರತಿಮಾಡಬೇಕಾದುವು ಇವೇ. ಸ್ಕ್ಯಾನರ್ ಇದ್ದರೆ ಅಂಗುಲಕ್ಕೆ 600 ಬಿಂದುಗಳಂತೆ ಪ್ರತಿ ತೆಗೆಯುವುದು. ಇಲ್ಲವಾದರೆ ಕಿಟಕಿಯ ಬಳಿ ಮೇಜಿನ ಮೇಲಿಟ್ಟು, ಹೊಳಪು ಬೀಳದಂತೆ, ನೇರ ಮೇಲಿನಿಂದ ಫೋನಿನಲ್ಲಿ ತೆಗೆಯುವುದು. ಪಟವು ಗಾಜಿಗೆ ಅಂಟಿದ್ದರೆ ಎಳೆದು ಬಿಡಿಸಲು ಹೋಗಬಾರದು. ಚಿತ್ರದ ಪದರವೇ ಕಿತ್ತುಬರುವುದು. ಗಾಜಿನ ಮೇಲಿನಿಂದಲೇ ಪ್ರತಿ ಮಾಡಿಕೊಳ್ಳಬೇಕು.

ಈಗ ಕೃತಕ ಬುದ್ಧಿಯ ಸಾಧನಗಳು ಬಂದಿರುವುವು. ಗೆದ್ದಲು ತಿಂದ ಪಟದಲ್ಲಿ ಮಾಯವಾದ ಅರ್ಧ ಮುಖವನ್ನು ಕ್ಷಣದಲ್ಲಿ ತುಂಬಿಕೊಡುವುವು. ನೋಡಿದವರಿಗೆ ಆಶ್ಚರ್ಯವೂ ಸಂತೋಷವೂ ಆಗುವುದು ಸಹಜ. ಆದರೆ ಒಂದು ಮಾತನ್ನು ತಿಳಿದಿರಬೇಕು. ಆ ಯಂತ್ರವು ನಿಮ್ಮ ಮುತ್ತಜ್ಜನನ್ನು ಕಂಡಿದ್ದಿಲ್ಲ. ಅಸಂಖ್ಯವಾದ ಬೇರೆ ಮುಖಗಳಿಂದ ಊಹಿಸಿ, ಹೀಗಿದ್ದಿರಬಹುದೆಂದು ಒಂದು ಕಣ್ಣನ್ನು ಬರೆಯುವುದು. ಕಳೆದುಹೋದುದು ಅದರಿಂದ ಹಿಂದಿರುಗಿದಂತಾಗಲಿಲ್ಲ; ಹೊಸದೊಂದು ಹುಟ್ಟಿತು. ಹಾಗೆ ಮಾಡಿಸಲೇಬೇಕೆಂದಿದ್ದರೆ ಮಾಡಿಸಿರಿ. ಆದರೆ ಅದರ ಹಿಂಬದಿಯಲ್ಲಿ ‘ಊಹಿಸಿ ತುಂಬಿಸಿದುದು’ ಎಂದು ಬರೆದು, ಹರಿದ ಮೂಲವನ್ನೂ ಜೊತೆಯಲ್ಲಿಯೇ ಇಡಿರಿ.

ಕೊನೆಯದು, ಕಾಪಾಡುವ ವಿಚಾರ. ಓಲೆಗ್ರಂಥಗಳ ಕಡೆಯಲ್ಲಿ ಲಿಪಿಕಾರರು ತಮ್ಮ ಹೆಸರು, ಸಂವತ್ಸರ, ತಿಥಿಗಳನ್ನು ಬರೆಯುವ ವಾಡಿಕೆಯಿತ್ತು. ನಮ್ಮ ಪಟಗಳಿಗೆ ಅಷ್ಟಾದರೂ ಬೇಕು. ಯಾರು, ಯಾವ ಊರು, ಯಾವ ವರ್ಷ ಎಂಬ ಮೂರು ಸಂಗತಿಗಳಿಲ್ಲದ ಪಟವು ಎರಡು ತಲೆಮಾರಿನಲ್ಲಿ ಅಪರಿಚಿತರ ಪಟವಾಗುವುದು. ಮೆತ್ತನೆಯ ಪೆನ್ಸಿಲಿನಿಂದ ಹಿಂಬದಿಯ ಅಂಚಿನಲ್ಲಿ ಮೆಲ್ಲನೆ ಬರೆದರೆ ಸಾಕು. ಇಂಕಿನ ಲೇಖನಿಯ ಗುರುತು ಮುಂಬದಿಗೆ ಹಾಯಬಹುದು. ವಾಟ್ಸಾಪಿನಲ್ಲಿ ಬಂದ ಚಿತ್ರವನ್ನೇ ಮೂಲವೆಂದು ನಂಬಬಾರದು. ಮಾಮೂಲಾಗಿ ಕಳುಹಿಸಿದ ಚಿತ್ರವನ್ನು ಅದು ಕುಗ್ಗಿಸುವುದು. ಮೂಲವನ್ನೇ ಕೇಳಿ ಪಡೆಯಬೇಕು. ಫೋನಿನಲ್ಲಿರುವುದನ್ನು ಬೇರೊಂದು ಡಿಸ್ಕಿನಲ್ಲಿಯೂ, ಸಾಧ್ಯವಾದರೆ ಬೇರೆ ಊರಿನಲ್ಲಿರುವ ಮಗಳ ಮನೆಯಲ್ಲಿಯೂ ಇಡುವುದು ಉತ್ತಮ. ವರ್ಷಕ್ಕೆ ಇಪ್ಪತ್ತೈದು ಚಿತ್ರಗಳನ್ನು ಆರಿಸಿ ಮುದ್ರಿಸಿ ಆಲ್ಬಮ್ಮಿನಲ್ಲಿ ಸೇರಿಸಿರಿ. ಅಂಟಿನ ಹಾಳೆಯ ಆಲ್ಬಮ್ಮುಗಳು ಬೇಡ. ಆ ಅಂಟು ಪಟವನ್ನು ಕೆಡಿಸುವುದು.

ಈ ತಿಂಗಳು ವಾಚಕರು ಮಾಡಬೇಕಾದ ಅಭ್ಯಾಸವು ಒಂದೇ. ಮನೆಯಲ್ಲಿ ಎಲ್ಲರ ಚಿತ್ರವನ್ನೂ ತೆಗೆದು ತಾವು ಯಾವ ಚಿತ್ರದಲ್ಲಿಯೂ ಇಲ್ಲದವರು ಯಾರೆಂಬುದನ್ನು ಮೊದಲು ಹುಡುಕಿರಿ. ಹೆಚ್ಚಾಗಿ ಅದು ಮನೆಯ ಗೃಹಿಣಿಯೇ ಆಗಿರುವರು. ಅವರ ಒಪ್ಪಿಗೆಯನ್ನು ಪಡೆದು, ಹೊಸ ಸೀರೆ ಉಡಬೇಕಾಗಿಲ್ಲವೆಂದು ಹೇಳಿ, ಬೆಳಗಿನ ಕಿಟಕಿಯ ಬೆಳಕಿನಲ್ಲಿ ಅವರು ದಿನವೂ ಮಾಡುವ ಕೆಲಸದಲ್ಲಿದ್ದಾಗಲೇ ಒಂದು ಚಿತ್ರವನ್ನು ತೆಗೆಯಿರಿ. ವಾಲಿದ್ದರೆ ನೆಟ್ಟಗೆ ಮಾಡಿ, ಕತ್ತಲೆಯಿದ್ದರೆ ಬೆಳಕು ಮಾಡಿ, ಅಷ್ಟಕ್ಕೇ ಕೈಬಿಟ್ಟು ಮುದ್ರಿಸಿರಿ. ಹಿಂಬದಿಯಲ್ಲಿ ಹೆಸರನ್ನೂ ದಿನವನ್ನೂ ಬರೆದು, ಮೊದಲು ಅವರ ಕೈಗೇ ಕೊಟ್ಟು ತೋರಿಸಿರಿ.