ಬಾವಿಗೆ ಪಾವಟಿಗೆ ಇತ್ತು, ಹೊಂಡಕ್ಕೆ ಏನಿದೆ?

ಬೇಸಿಗೆ ಸೂಟಿ ಬಂತೆಂದರೆ ಜತ್ತ, ಅಕ್ಕಲಕೋಟೆ ಸೀಮೆಯ ಹುಡುಗರಿಗೆ ಬೇರೆ ಮೈದಾನ ಬೇಕಿರಲಿಲ್ಲ, ಹೊಲದ ಬಾವಿಯೇ ಸಾಕಿತ್ತು. ನಾನೂ ಆ ಪೈಕಿಯವನೇ. 1972ರ ಬರಗಾಲ ಕಳೆದ ಮೇಲೆ ನಾವು ಬೆನ್ನಿಗೆ ಒಣ ಕುಂಬಳಬುರುಡಿ ಕಟ್ಟಿಕೊಂಡು ಈಜು ಕಲಿತೆವು. ಬುರುಡಿ ಬಿಚ್ಚಿದ ದಿನವೇ ದಂಡೆಯಿಂದ ಜಿಗಿತ, ಮರುದಿನ ಬೇವಿನ ಕೊಂಬೆಯಿಂದ. ಹಿತ್ತಾಳೆ ಬಣ್ಣದ ಇಪ್ಪತ್ತು ಪೈಸೆ ಒಗೆದು ತಳದಿಂದ ಹೆಕ್ಕಿ ತರುವ ಪಂದ್ಯ ಬೇರೆ! ಒಮ್ಮೆ ಕಲ್ಲಿಗೆ ಬಡಿದು ನನ್ನ ಗದ್ದ ಒಡೆಯಿತು. ಕಾಕಾ ಎತ್ತಿ ಕೂಡಿಸಿ ಅಂದರು: “ತಮ್ಮಾ, ನೀರಿನ ಸಂಗಡ ಸಲಿಗಿ ಬ್ಯಾಡ. ಅದಕ್ಕ ನಿನ್ನ ಗುರುತು ಇರೂದಿಲ್ಲ.”

“ನಾವೆಲ್ಲ ಹಂಗ ಬೆಳದ್ವಿ, ಏನಾತು?” ಎಂದು ಈಗ ಕಟ್ಟೆಯ ಮೇಲೆ ಕೂತು ಹೇಳುತ್ತೇವೆ. ಏನೂ ಆಗದವರಷ್ಟೇ ಕಟ್ಟೆಯ ಮೇಲೆ ಉಳಿದಿದ್ದೇವೆ. ನನ್ನೊಡನೆ ನಾಲ್ಕನೆಯತ್ತೆ ಕಲಿಯುತ್ತಿದ್ದ ಗೆಳೆಯನೊಬ್ಬ ಆ ಇಪ್ಪತ್ತು ಪೈಸೆಗಾಗಿ ಮುಳುಗಿದವನು ತಾನಾಗಿ ಮೇಲೆ ಬರಲಿಲ್ಲ. ಅವನ ಅವ್ವ ಮುಂದೆ ಆ ಬಾವಿಯ ಹಾದಿ ತುಳಿಯಲೇ ಇಲ್ಲ.

ಆದರೂ ಆ ಬಾವಿಗೆ ಪಾವಟಿಗೆ ಇತ್ತು, ಹಿಡಿಯಲು ಕಲ್ಲಿನ ಸಂದು ಇತ್ತು, ಮೇಲೆ ನೀರು ಎತ್ತುವ ದೊಡ್ಡವರಿದ್ದರು. ಇಂದಿನ ಹೊಂಡದ ಮಾತೇ ಬೇರೆ. ಗಡಿಯ ಈಚೆ 2014ರಿಂದ ಕೃಷಿ ಭಾಗ್ಯ, ಆಚೆ 2016ರಿಂದ ‘ಮಾಗೇಲ್ ತ್ಯಾಲಾ ಶೇತತಳೆ’ ಯೋಜನೆ ಬಂದು ಹೊಲಹೊಲಕ್ಕೆ ಹೊಂಡಗಳಾದವು. ದಾಳಿಂಬೆ, ದ್ರಾಕ್ಷಿ ಉಳಿದವು, ಅದು ಸುಳ್ಳಲ್ಲ. ಆದರೆ ಇಳಿಜಾರು ದಂಡೆಗೆ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಪಾಚಿ ಕಟ್ಟಿದರೆ ಈಜು ಬಲ್ಲವನಿಗೂ ಕಾಲು ನಿಲ್ಲದು, ಕೈಗೆ ಏನೂ ಸಿಗದು. ಹಿಡಿಯಲು ಇಳಿದ ಅಪ್ಪನೂ ಜಾರುತ್ತಾನೆ.

ಹುಡುಗರಿಗೆ ನೀರಿನ ಆಸೆ ಅಂದೂ ಇತ್ತು, ಇಂದೂ ಇದೆ. ಬೈದರೆ ಅದು ಹೋಗುವುದಿಲ್ಲ. ಆದ್ದರಿಂದ ರೈತ ಬಾಂಧವರಲ್ಲಿ ನನ್ನ ಬಿನ್ನಹ ಇಷ್ಟೇ. ಹೊಂಡದ ಸುತ್ತ ತಂತಿ ಬೇಲಿ ಹಾಕಿ, ಬಾಗಿಲಿಗೆ ಕೀಲಿ ಇರಲಿ. ನಾಲ್ಕೂ ದಂಡೆಯ ಗೂಟಕ್ಕೆ ಗಂಟು ಹಾಕಿದ ಹಗ್ಗ ಕಟ್ಟಿ ನೀರಿಗೆ ಇಳಿಬಿಡಿ. ಹಳೆಯ ಟ್ಯೂಬೊಂದನ್ನು ಗಾಳಿ ತುಂಬಿ ದಂಡೆಗೆ ಇಡಿ. ಹಾಳೆಗೆ ಸಾವಿರಾರು ರೂಪಾಯಿ ಸುರಿದವರಿಗೆ ಒಂದು ಹಗ್ಗ ಭಾರವಾದೀತೆ? ಹುಡುಗರಿಗೆ ಈಜನ್ನು ಮಾತ್ರ ಪಾವಟಿಗೆ ಇರುವ ಬಾವಿಯಲ್ಲಿ, ದೊಡ್ಡವರು ಎದುರಿಗೆ ನಿಂತು ಕಲಿಸಿರಿ.

ಬೆಳೆಗೆಂದು ಕೂಡಿಟ್ಟ ನೀರು ಮನೆಯ ಮಗನನ್ನು ನುಂಗಬಾರದು.